ದೊಡ್ಡ ಸೆನ್ಸರ್ ಬೇಕಾ, ಹಗುರ ಬ್ಯಾಗ್ ಬೇಕಾ?

ಪ್ರಶ್ನೆ: ಸಾರ್, ಎಂಟು ವರ್ಷದಿಂದ ಒಂದು ಹಳೇ ಡಿಎಸ್‌ಎಲ್‌ಆರ್‌ನಲ್ಲೇ ಕಾಲ ತಳ್ತಾ ಇದ್ದೀನಿ, ಈಗ ಮಿರರ್‌ಲೆಸ್ ತಗೊಳ್ಳೋಣ ಅಂತ. ಎರಡರ ಮಧ್ಯೆ ಸಿಕ್ಕಾಕ್ಕೊಂಡಿದ್ದೀನಿ: ಒಂದು ಓಎಂ ಸಿಸ್ಟಂ ಓಎಂ-1 (2022ರಲ್ಲಿ ಬಂದಿದ್ದು, ಮಾರ್ಕ್ 2 ಅಲ್ಲ), ಇನ್ನೊಂದು ಸೋನಿ ಎ7 ಫೋರ್. ರಜಾ ಸಿಕ್ಕಿದ್ರೆ ಹಕ್ಕಿ ಹಿಂದೆ ಓಡ್ತೀನಿ, ಉಳಿದಂತೆ ಮನೆಯೊಳಗೆ ಮಗಳ ಫೋಟೋ, ಅವಳ ಸ್ಕೂಲಿನ ಸ್ಟೇಜ್ ಪ್ರೋಗ್ರಾಂ. ಫ್ರೆಂಡ್ಸೆಲ್ಲ ಫುಲ್ ಫ್ರೇಮ್ ಇಲ್ದಿದ್ರೆ ಅದು ಕ್ಯಾಮೆರಾನೇ ಅಲ್ಲ ಅಂತಾರೆ. ಆದ್ರೆ ನಂಗೆ ಕತ್ತು ನೋವು, ಹೋದ ಸಲ ಬಾಡಿಗೆಗೆ ತಂದಿದ್ದ ದೊಡ್ಡ ಲೆನ್ಸ್ ಅರ್ಧ ದಿನ ಹೊತ್ತು ಆಮೇಲೆ ಬ್ಯಾಗಿಂದ ಹೊರಗೇ ತೆಗೀಲಿಲ್ಲ. ಚಿಕ್ಕ ಸೆನ್ಸರ್ ತಗೊಂಡ್ರೆ ನಿಜವಾಗ್ಲೂ ಎಷ್ಟು ಕಳ್ಕೋತೀನಿ?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದ ಕೊನೇಲೇ ಇದೆ, ಆದ್ರೂ ಲೆಕ್ಕ ಮಾಡೇಬಿಡೋಣ, ಇಲ್ದಿದ್ರೆ ಫ್ರೆಂಡ್ಸ್ ಮುಂದೆ ಬಾಯಿ ಬಿಡೋಕಾಗಲ್ಲ.

ಎ7 ಫೋರ್‌ನ ಸೆನ್ಸರ್ (ಬೆಳಕು ಬಿದ್ದು ಚಿತ್ರ ಮೂಡೋ ಚಿಪ್) ಫುಲ್ ಫ್ರೇಮ್, ಅಂದ್ರೆ ಹೆಚ್ಚುಕಮ್ಮಿ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಓಎಂ-1ದು ಮೈಕ್ರೋ ಫೋರ್ ಥರ್ಡ್ಸ್, 17.3 ಅಗಲ, 13 ಎತ್ತರ. ಗುಣಿಸಿ ನೋಡಿ, ಒಂದು 864 ಚದರ ಮಿ.ಮೀ. ಬರುತ್ತೆ, ಇನ್ನೊಂದು 225, ಅಂದ್ರೆ ಸುಮಾರು ನಾಕು ಪಟ್ಟು ವ್ಯತ್ಯಾಸ, ಫೋಟೋ ಭಾಷೇಲಿ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು). ಮಳೆಗೆ ದೊಡ್ಡ ಪಾತ್ರೆ ಇಟ್ರೆ ಜಾಸ್ತಿ ನೀರು ತುಂಬುತ್ತೆ ಅನ್ನೋ ಉದಾಹರಣೆ ಕೇಳಿ ಕೇಳಿ ನಂಗಂತೂ ಸಾಕಾಗಿದೆ, ಅದು ಸುಳ್ಳಲ್ಲ, ಆದ್ರೆ ಅರ್ಧ ಕಥೆ.

ಉಳಿದರ್ಧ ನಂಗೆ ಗೊತ್ತಾಗಿದ್ದು ಒಂದು ಉಲ್ಲನ್ ಟೋಪಿಯಿಂದ. ರಾತ್ರಿ ಒಂದೇ ಬಲ್ಬ್ ಹಾಕಿ, ಟೇಬಲ್ ಮೇಲೆ ಟೋಪಿ ಇಟ್ಟು, ಎರಡೂ ಸೈಜಿನ ಕ್ಯಾಮೆರಾದಲ್ಲಿ ಒಂದೇ ಫ್ರೇಮ್ ಬರೋ ಹಾಗೆ ಲೆನ್ಸ್ ಹಾಕಿ, ಎರಡಕ್ಕೂ ಎಫ್/2.8 (ಲೆನ್ಸ್ ಎಷ್ಟು ತೆರೆದಿದೆ ಅನ್ನೋ ಅಳತೆ, ಅಂಕಿ ಚಿಕ್ಕದಾದಷ್ಟೂ ಜಾಸ್ತಿ ತೆರೆದಿರುತ್ತೆ), ಐಎಸ್‌ಓ 6400 (ಬೆಳಕನ್ನ ಎಷ್ಟು ಹಿಗ್ಗಿಸಿ ತೋರಿಸ್ಬೇಕು ಅನ್ನೋ ಅಂಕಿ), ಅದೇ ಶಟರ್ ಸ್ಪೀಡ್ ಇಟ್ಟು ತೆಗೆದೆ. ಚಿಕ್ಕ ಸೆನ್ಸರ್ ಫೋಟೋದಲ್ಲಿ ಉಲ್ಲನ್ ಮೇಲಿನ ನವಿರು ಎಳೆಗಳೆಲ್ಲ ಒಂದಕ್ಕೊಂದು ಅಂಟ್ಕೊಂಡು ಮೇಣ ಸವರಿದ ಹಾಗೆ ಕಂಡ್ವು, ದೊಡ್ಡದ್ರಲ್ಲಿ ಎಳೆ ಎಳೆ ಎಣಿಸಬಹುದಿತ್ತು. ಓಹೋ ಗೆದ್ದಿದ್ದು ದೊಡ್ಡದೇ ಅಂತ ತೀರ್ಪು ಕೊಟ್ಟು ಮಲಗಿದೆ. ಬೆಳಿಗ್ಗೆ ಇನ್ನೊಂದ್ಸಲ ನೋಡಿದ್ರೆ, ಆ ಎಳೆ ಎಣಿಸೋಕಾಗ್ತಿದ್ದಿದ್ದು ಟೋಪಿಯ ಮುಂದಿನ ಅಂಚಲ್ಲಿ ಮಾತ್ರ, ಹಿಂದಿನ ಭಾಗ ಪೂರ್ತಿ ಮಂಜು! ಚಿಕ್ಕದ್ರಲ್ಲಿ ಹಿಂದಿನ ಹೊಲಿಗೆವರೆಗೂ ಫೋಕಸ್ ಇತ್ತು. ಸರಿ, ದೊಡ್ಡದ್ರಲ್ಲೂ ಹಿಂದಿನವರೆಗೆ ಶಾರ್ಪ್ ಬರಲಿ ಅಂತ ಎಫ್/5.6ಕ್ಕೆ ಮುಚ್ಚಿದೆ, ಬೆಳಕು ಕಮ್ಮಿ ಆಯ್ತಲ್ಲ, ಶಟರ್ ಅದೇ ಇರಬೇಕಂದ್ರೆ ಐಎಸ್‌ಓ 25600ಕ್ಕೆ ಏರಿಸಬೇಕಾಯ್ತು. ಈಗ ಎರಡನ್ನೂ ಒಂದೇ ಸೈಜಿಗೆ ಪ್ರಿಂಟ್ ಹಾಕಿದ್ರೆ ಯಾವುದು ಯಾವ್ದು ಅಂತ ನಂಗೇ ಗುರುತು ಸಿಗಲಿಲ್ಲ, ಅದೇ ನಾಯ್ಸ್ (ಫೋಟೋ ಮೇಲೆ ಕಾಳು ಕಾಳಾಗಿ ಕಾಣೋದು), ಅದೇ ಮೇಣ. (ಇನ್ನೊಂದು ತಪ್ಪೂ ಮಾಡಿದ್ದೆ, ಸ್ಕ್ರೀನಲ್ಲಿ ನೂರು ಪರ್ಸೆಂಟ್ ಝೂಮ್ ಮಾಡಿ ಹೋಲಿಸಿದ್ದೆ. ಒಂದು 33 ಮೆಗಾಪಿಕ್ಸೆಲ್, ಇನ್ನೊಂದು 20, ಹಾಗೆ ಝೂಮ್ ಮಾಡಿದ್ರೆ ಅವೆರಡೂ ಒಂದೇ ಅಳತೇಲಿ ಕಾಣಲ್ವಲ್ಲ.)

ಅಂದ್ರೆ ಆ ಎರಡು ಸ್ಟಾಪ್ ಲಾಭ ನಿಮಗೆ ಸಿಗೋದು ಲೆನ್ಸನ್ನ ಪೂರ್ತಿ ತೆರೆದು, ಹಿಂದೆಲ್ಲ ಮಸುಕಾದ್ರೂ ಪರವಾಗಿಲ್ಲ ಅಂದಾಗ ಮಾತ್ರ. ನಿಜವಾಗಿ ನೋಡಬೇಕಾದ್ದು ಬೆಳಕು ಒಳಗೆ ಬರೋ ಬಾಗಿಲು ಎಷ್ಟು ಅಗಲ ಇದೆ ಅಂತ, ಫೋಕಲ್ ಲೆಂತನ್ನ (ಲೆನ್ಸ್ ಹೆಸರಲ್ಲಿರೋ ಮಿ.ಮೀ. ಅಂಕಿ) ಎಫ್ ನಂಬರಿಂದ ಭಾಗಿಸಿದ್ರೆ ಅದು ಸಿಗುತ್ತೆ. ಲೆನ್ಸ್ ತೂಕನೂ ಬಹುಪಾಲು ಈ ಬಾಗಿಲಿನ ಜೊತೆಗೇ ಬರೋದು.

ಈಗ ನಿಮ್ಮ ಹಕ್ಕಿಗೆ ಬರೋಣ. ಓಎಂ-1ಗೆ 300 ಮಿ.ಮೀ. ಎಫ್/4 ಲೆನ್ಸ್ ಹಾಕಿ, ನೋಟ ಫುಲ್ ಫ್ರೇಮಿನ 600ಕ್ಕೆ ಸಮ. ಸೋನಿಗೆ ಅದೇ ನೋಟ ಬೇಕಂದ್ರೆ ಸಾಮಾನ್ಯವಾಗಿ ಎಲ್ಲರೂ ತಗೊಳ್ಳೋದು 200-600 ಝೂಮ್, 600ರಲ್ಲಿ ಅದು ಎಫ್/6.3. ಭಾಗಿಸಿ ನೋಡಿ: 300ನ್ನ 4ರಿಂದ ಭಾಗಿಸಿದ್ರೆ 75 ಮಿ.ಮೀ. ಬಾಗಿಲು, 600ನ್ನ 6.3ರಿಂದ ಭಾಗಿಸಿದ್ರೆ 95. ಎರಡು ಸ್ಟಾಪ್ ಅಂತ ಕೊಚ್ಕೋತಿದ್ರಲ್ಲ ನಿಮ್ಮ ಫ್ರೆಂಡ್ಸು, ಅದು ಇಲ್ಲಿ ಬಂದು ಬರೀ ಮುಕ್ಕಾಲು ಸ್ಟಾಪಿಗಿಂತ ಚೂರು ಕಮ್ಮಿಗೆ ನಿಂತುಬಿಡ್ತು. ಅಷ್ಟಕ್ಕೆ ಕೊಡೋ ಬೆಲೆ ಏನು ಅಂದ್ರೆ, ಟ್ರೈಪಾಡ್ ಹಿಡಿಕೆ ಬಿಚ್ಚಿಟ್ಟು ತೂಗಿದ್ರೆ 300ದು 1270 ಗ್ರಾಂ, 200-600ದು 2115. ಬಾಡಿಗಳಲ್ಲಿ ದೊಡ್ಡ ವ್ಯತ್ಯಾಸ ಏನಿಲ್ಲ, ಓಎಂ-1 ಬ್ಯಾಟರಿ ಸೇರಿ 600 ಗ್ರಾಂ, ಎ7 ಫೋರ್ 660ರ ಹತ್ರ, ಅಂಗಡೀಲಿ ಬರೀ ಬಾಡಿ ಕೈಲಿ ಹಿಡ್ಕೊಂಡು ಅಯ್ಯೋ ಎರಡೂ ಒಂದೇ ಅಲ್ವಾ ಅನ್ನೋರು ಮೋಸ ಹೋಗೋದೇ ಇಲ್ಲಿ. ಲೆನ್ಸ್ ಹಾಕಿ ಕತ್ತಿಗೆ ತಗುಲಿಸ್ಕೊಂಡಾಗ ಒಂದು ಕಡೆ 1.9 ಕೆಜಿ ಆಸುಪಾಸು, ಇನ್ನೊಂದು ಕಡೆ 2.8. ಸೋನಿಯಲ್ಲೂ ಎಫ್/4 ಇರೋ 600 ಇದೆ, ಅದು ನಿಜಕ್ಕೂ ಎರಡು ಸ್ಟಾಪ್ ಕೊಡುತ್ತೆ, ಲೆನ್ಸ್ ಒಂದೇ ಮೂರು ಕೆಜಿ ದಾಟುತ್ತೆ. ನಿಮ್ಮ ಕತ್ತಿಗೆ ಅದರ ಹೆಸರು ಹೇಳೋದೂ ಪಾಪ. ಝೂಮ್ ಅಲ್ವಾ, 200ಕ್ಕೂ ಇಳಿಯುತ್ತಲ್ಲ ಅಂತ ನೀವು ಕೇಳಬಹುದು, ಒಪ್ಪಿದೆ, ಹತ್ರ ಬಂದ ಹಕ್ಕಿಗೆ ಅದು ದೊಡ್ಡ ಅನುಕೂಲ, 300ರಲ್ಲಿ ಹಕ್ಕಿ ಹತ್ರ ಬಂದ್ರೆ ನೀವೇ ಹಿಂದಕ್ಕೆ ಹೋಗಬೇಕು.

ಸೋನಿ ಬಾಡಿ ಮೊದಲು ತಗೋತೀನಿ, ಲೆನ್ಸ್ ಆಮೇಲೆ ನೋಡೋಣ, ಸದ್ಯಕ್ಕೆ 300 ಮಿ.ಮೀ. ತನಕ ಬರೋ ಯಾವುದೋ ಲೆನ್ಸಲ್ಲಿ ತೆಗೆದು ಕ್ರಾಪ್ ಮಾಡ್ಕೋತೀನಿ ಅನ್ನೋ ಪ್ಲಾನ್ ಇದ್ರೆ ಅದನ್ನ ಈಗ್ಲೇ ಬಿಡಿ. ಸೋನಿಯ 33 ಮೆಗಾಪಿಕ್ಸೆಲ್ ಫೋಟೋನ ಓಎಂ-1ರ ನೋಟದಷ್ಟಕ್ಕೆ ಕತ್ತರಿಸಿದ್ರೆ ಕೈಲಿ ಉಳಿಯೋದು ಎಂಟು ಮೆಗಾಪಿಕ್ಸೆಲ್, ಓಎಂ-1ರಲ್ಲಿ ಪೂರ್ತಿ 20 ಇರುತ್ತೆ. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಲೆನ್ಸ್ ಇಲ್ದೆ ಫುಲ್ ಫ್ರೇಮ್ ತಗೊಳ್ಳೋದು ಅದೇ.

ಹಕ್ಕಿ ವಿಷಯದಲ್ಲಿ ಇನ್ನೊಂದಿದೆ, ಅದಕ್ಕೂ ಸೆನ್ಸರ್ ಸೈಜಿಗೂ ನೇರ ಸಂಬಂಧ ಇಲ್ಲ. ಓಎಂ-1ದು ಸ್ಟ್ಯಾಕ್ಡ್ ಸೆನ್ಸರ್, ಚಿತ್ರವನ್ನ ಮೇಲಿಂದ ಕೆಳಗೆ ಓದಿ ಮುಗಿಸೋದು ತುಂಬಾ ಬೇಗ, ಹಾಗಾಗಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಲ್ಲಿ ಆಯ್ದ ಲೆನ್ಸ್ ಜೊತೆ ಫೋಕಸ್ ಹಿಂಬಾಲಿಸ್ತಾ ಸೆಕೆಂಡಿಗೆ 50 ಫ್ರೇಮ್ ತನಕ ಹೊಡೆಯುತ್ತೆ. ಎ7 ಫೋರ್‌ದು ಸ್ಟ್ಯಾಕ್ಡ್ ಅಲ್ಲ, ಎಲೆಕ್ಟ್ರಾನಿಕ್ ಶಟರಲ್ಲಿ ರೆಕ್ಕೆ ಬಡಿಯೋ ಹಕ್ಕಿ ತೆಗೆದ್ರೆ ಸೆನ್ಸರ್ ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರೋಷ್ಟರಲ್ಲಿ ರೆಕ್ಕೆ ಜಾಗ ಬದಲಾಯಿಸಿರುತ್ತೆ, ಫೋಟೋದಲ್ಲಿ ರೆಕ್ಕೆ ಬಾಳೆ ಎಲೆ ಬಾಗಿದ ಹಾಗೆ ಬರುತ್ತೆ. ಮೆಕ್ಯಾನಿಕಲ್ ಶಟರ್ ಹಾಕ್ಕೊಂಡ್ರೆ ಈ ಕಾಟ ಇಲ್ಲ, ಸೆಕೆಂಡಿಗೆ 10 ಫ್ರೇಮ್ ಹೆಚ್ಚಂದ್ರೆ, ಬಹಳ ಜನಕ್ಕೆ ಅಷ್ಟು ಸಾಕು ಕೂಡ. ಆಮೇಲೆ ಸೆಕೆಂಡಿಗೆ 50 ಅಂದ್ರೆ ಮನೆಗೆ ಬಂದು ಕೂತು ಸಾವಿರಗಟ್ಟಲೆ ಅದೇ ಹಕ್ಕಿ ಡಿಲೀಟ್ ಮಾಡೋ ಕೆಲಸ, ಅದನ್ನ ಯಾರೂ ಹೇಳಲ್ಲ.

ಮಗಳ ಫೋಟೋ ವಿಷಯ ಬಂದ್ರೆ ಕಥೆ ಉಲ್ಟಾ. ಇಲ್ಲಿ ಲೆನ್ಸ್ ಚಿಕ್ಕವು. ಸೋನಿಗೆ 50 ಎಫ್/1.8, ತೂಕ 186 ಗ್ರಾಂ. ಓಎಂ-1ಗೆ ಅದೇ ನೋಟ ಕೊಡೋ 25 ಎಫ್/1.8, ತೂಕ 137. ಬಾಗಿಲು ಒಂದು 28 ಮಿ.ಮೀ., ಇನ್ನೊಂದು 14. ಅಂದ್ರೆ ಬರೀ 50 ಗ್ರಾಂ ಜಾಸ್ತಿ ಹೊತ್ರೆ ಪೂರ್ತಿ ಎರಡು ಸ್ಟಾಪ್! ಅಲ್ಲಿ ಹಕ್ಕಿಗೆ ಮುಕ್ಕಾಲು ಕೆಜಿ ಮೇಲೆ ಹೊತ್ರೂ ಸಿಗದ ಲಾಭ ಇಲ್ಲಿ ಪುಕ್ಕಟೆ ಸಿಕ್ಕ ಹಾಗೆ. ಓಎಂ ಕಡೆ 25 ಎಫ್/1.2 ಲೆನ್ಸ್ ಇದೆಯಲ್ಲ ಅಂತ ಯಾರಾದ್ರೂ ಹೇಳ್ತಾರೆ, ಇದೆ, 410 ಗ್ರಾಂ, ಅಷ್ಟಾದ್ರೂ ಸೋನಿಯ ಆ ಸಾದಾ 50ನ್ನ ಮುಟ್ಟಲ್ಲ. ಸ್ಟೇಜ್‌ಗೂ ಹೀಗೇ, ಓಎಂ-1ರ 40-150 ಎಫ್/2.8 ತೂಕ 760, ಸೋನಿ 70-200 ಎಫ್/2.8ರ ಎರಡನೇ ಆವೃತ್ತಿ 1045, ಟ್ರೈಪಾಡ್ ಹಿಡಿಕೆ ಬಿಟ್ಟು. ಕಾಲು ಕೆಜಿ ಚಿಲ್ಲರೆ ಹೆಚ್ಚಿಗೆ ಹೊತ್ರೆ ಎರಡು ಸ್ಟಾಪ್ ನಿಮ್ದು, ಆದ್ರೆ ಆ 40-150 ಕೊನೆ ಸಾಲಿನ ಕುರ್ಚಿಯಿಂದ್ಲೂ ಮಗಳ ಮುಖ ತಲುಪುತ್ತೆ, ನೋಟ ಫುಲ್ ಫ್ರೇಮಿನ 300ರಷ್ಟು.

ಓಎಂ-1ರ ಸ್ಟೆಬಿಲೈಸೇಶನ್ ಏಳು ಸ್ಟಾಪ್, ಎ7 ಫೋರ್‌ದು ಐದೂವರೆ, ಹಾಗಿದ್ರೆ ಕತ್ತಲೆಯಲ್ಲಿ ಓಎಂ-1 ಗೆಲ್ಲಲ್ವಾ ಅಂತ ಕೇಳೋರಿಗೆ: ಅದು ನಿಮ್ಮ ಕೈ ನಡುಗೋದನ್ನ ನಿಲ್ಲಿಸುತ್ತೆ, ಮಗಳು ಕುಣಿಯೋದನ್ನಲ್ಲ. ಕಟ್ಟಡದ ಒಳಗೆ, ನಿಂತ ವಸ್ತುಗಳಿಗೆ ಸರಿ, ಐಎಸ್‌ಓ ಇಳಿಸಿ ನಿಧಾನ ಶಟರಲ್ಲಿ ತೆಗೀಬಹುದು, ಮಕ್ಕಳಿಗೆ ಉಪಯೋಗಕ್ಕೆ ಬರಲ್ಲ.

ಹಾಗಾದ್ರೆ ಯಾವುದು? ನಿಮ್ಮ ಕಂಪ್ಯೂಟರಲ್ಲಿ ಹೋದ ವರ್ಷದ ಫೋಲ್ಡರ್ ತೆಗೆದು ಹಕ್ಕಿ ಎಷ್ಟು, ಮಗಳು ಎಷ್ಟು ಅಂತ ಎಣಿಸಿ. ಮಗಳ ಫೋಟೋನೇ ಜಾಸ್ತಿ ಇದ್ರೆ ಎ7 ಫೋರ್ ತಗೊಳ್ಳಿ, ಹಕ್ಕಿಗೆ ಝೂಮ್ ಬೇಕಾದಾಗ ಬಾಡಿಗೆಗೆ ತರಿ. ಆದ್ರೆ ನಿಮ್ಮ ಪತ್ರ ಓದಿದ್ರೆ ಹಕ್ಕಿ ಹುಚ್ಚೇ ಮೇಲು ಅನ್ಸುತ್ತೆ, ಅರ್ಧ ದಿನದಲ್ಲಿ ಲೆನ್ಸ್ ಬ್ಯಾಗ್ ಸೇರ್ತು ಅಂತ ನೀವೇ ಬರೆದಿದ್ದೀರಿ. ನಾನಾಗಿದ್ರೆ ಓಎಂ-1, ಜೊತೆಗೆ 300, ಮನೆಗೆ ಆ 137 ಗ್ರಾಂನ 25, ಮನೆ ಫೋಟೋದ ನಾಯ್ಸಿಗೆ ಕಂಪ್ಯೂಟರಲ್ಲಿ ಡೀನಾಯ್ಸ್ ಹಾಕ್ಕೊಂಡು ಸುಮ್ಮನಿರ್ತಿದ್ದೆ.

ಪ್ರಶ್ನೆ: ಚಿಕ್ಕ ಸೆನ್ಸರಲ್ಲಿ 300 ಲೆನ್ಸ್ 600 ಆಗುತ್ತೆ ಅಂತೀರಿ, ಲೆನ್ಸೇ ಬದಲಾಗುತ್ತಾ?

ಉತ್ತರ: ಇಲ್ಲ ರೀ, 300 ಯಾವತ್ತೂ 300ನೇ. ದೊಡ್ಡ ಕಿಟಕಿಗೆ ರಟ್ಟು ಅಡ್ಡ ಇಟ್ಟು ಮಧ್ಯದ ಸಣ್ಣ ಜಾಗದಿಂದ ಮಾತ್ರ ನೋಡಿದ ಹಾಗೆ, ಸುತ್ತಲಿನದು ಕಾಣದೇ ಇರೋದ್ರಿಂದ ಹತ್ರ ಬಂದ ಹಾಗೆ ಅನ್ಸುತ್ತೆ. ಎಕ್ಸ್‌ಪೋಶರ್ ಲೆಕ್ಕಕ್ಕೆ ಎಫ್/4 ಎರಡರಲ್ಲೂ ಎಫ್/4ನೇ, ಮಸುಕು ಮತ್ತೆ ನಾಯ್ಸ್ ಲೆಕ್ಕಕ್ಕೆ ಮಾತ್ರ ಎಫ್/8 ಅಂದ್ಕೊಳ್ಳಿ.

ಪ್ರಶ್ನೆ: ಫೋರ್ ಥರ್ಡ್ಸ್ ಅಂದ್ರೆ ಒಂದೂ ಕಾಲಿಂಚಿಗಿಂತ ದೊಡ್ಡದಲ್ವಾ? ನಾನು ಸ್ಕೇಲ್ ಇಟ್ಟು ಅಳೆದ್ರೆ ಒಂದಿಂಚೂ ಇಲ್ಲ.

ಉತ್ತರ: ಸೆನ್ಸರ್ ಮೇಲೆ ಸ್ಕೇಲ್ ಇಟ್ರಾ? ದಯವಿಟ್ಟು ಇನ್ನು ಮುಂದೆ ಹಾಗೆ ಮಾಡ್ಬೇಡಿ! ನಿಮ್ಮ ಅಳತೆ ಸರಿ, ಮೂಲೆಯಿಂದ ಮೂಲೆಗೆ ಅದು 21.6 ಮಿ.ಮೀ. ಹಳೇ ಟೀವಿ ಕ್ಯಾಮೆರಾಗಳಲ್ಲಿ ಗಾಜಿನ ಟ್ಯೂಬ್ ಇರ್ತಿತ್ತು, ಅದಕ್ಕೆ ಹೊರಗಿನ ವ್ಯಾಸದ ಅಳತೆ ಹೇಳ್ತಿದ್ರು, ಚಿತ್ರ ಬೀಳೋ ಜಾಗ ಅದರ ಮೂರರಲ್ಲಿ ಎರಡು ಭಾಗದಷ್ಟೇ. ಟ್ಯೂಬ್ ಹೋಯ್ತು, ಅಳತೆ ಹೇಳೋ ಚಾಳಿ ಉಳಿದುಬಿಡ್ತು. ಒಂದಿಂಚಿನ ಸೆನ್ಸರ್ ಅಂತ ಮಾರ್ತಾರಲ್ಲ, ಅದೂ ಮೂಲೆಯಿಂದ ಮೂಲೆಗೆ 16 ಮಿ.ಮೀ. ಅಷ್ಟೇ ಇರೋದು.