ಗುಳಿಗೆಯ ಸ್ಟ್ರಿಪ್ ಮುಚ್ಚಿಡಬೇಡಿ

ಸಿಂಧನೂರಿನ ಓದುಗರೊಬ್ಬರ ಪತ್ರದ ಸಾರ: ‘ತಂಗಿಯ ತೂಕ 104 ಕೆ.ಜಿ., ಎತ್ತರ 158 ಸೆಂ.ಮೀ. ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಆಪರೇಷನ್‌ಗೆ ಹೆಸರು ಬರೆಸಿದ್ದೇವೆ. ಎರಡು ವರ್ಷದಿಂದ ಖಿನ್ನತೆಗೆ ಗುಳಿಗೆ ನುಂಗುತ್ತಾಳೆ. ಅದು ಗೊತ್ತಾದರೆ, ಆಪರೇಷನ್‌ಗೆ ಮೊದಲು ನೋಡುವ ಮನೋವೈದ್ಯರು ಬೇಡ ಅಂತಾರೆ, ಹೇಳಬೇಡಿ ಅಂತ ಮನೆಯವರ ಒತ್ತಾಯ. “ಆಪರೇಷನ್ ಆಗಲಿಲ್ಲಾಂದ್ರ ಬದುಕಿ ಏನ್ ಮಾಡ್ಲಿ” ಅಂತ ಆಕೆ ಎರಡು ಸಲ ಅಂದಳು.’

ಉತ್ತರ: ಮೊದಲು ಆ ಕೊನೆಯ ಮಾತು. ಬೇಸರಕ್ಕೆ ಅಂದಳು ಅಂತ ಬಿಡಬೇಡಿ. ಇವತ್ತೇ ಪಕ್ಕದಲ್ಲಿ ಕೂತು ‘ಸಾಯಬೇಕು ಅನಿಸ್ತದೇನು?’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ. ಗದ್ದೆಗೆ ತಂದಿಟ್ಟ ಔಷಧ, ಮನೆಯ ಗುಳಿಗೆ ಎಲ್ಲಕ್ಕೂ ಬೀಗ ಹಾಕಿ, ಕೀಲಿ ನಿಮ್ಮ ಕೈಯಲ್ಲಿರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಪುಕ್ಕಟೆ. ತಡೆಯಲಾಗದು ಅನಿಸಿದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೋವೈದ್ಯರ ಭೇಟಿ ಪಾಸು-ಫೇಲಿನ ಪರೀಕ್ಷೆಯಲ್ಲ. ಈ ಆಪರೇಷನ್‌ಗೆ ಬರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ ಎಂದು 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದವರು ಲೆಕ್ಕ ಕೊಟ್ಟಿದ್ದಾರೆ. ಹತೋಟಿಯಲ್ಲಿರುವ ಖಿನ್ನತೆಗೆ ಸಾಮಾನ್ಯವಾಗಿ ಬಾಗಿಲು ಮುಚ್ಚುವುದಿಲ್ಲ. ಸಾವಿನ ಯೋಚನೆ ಬಲವಾಗಿದ್ದರೆ, ಕುಡಿತವಿದ್ದರೆ ಮುಂದೂಡುತ್ತಾರೆ, ಅಷ್ಟೇ.

ಮುಚ್ಚಿಟ್ಟರೆ ಕೆಡುವುದು ಆಮೇಲೆ. ಬೈಪಾಸ್ ಆದ ಹೊಟ್ಟೆ ಗುಳಿಗೆಯನ್ನು ಮೊದಲಿನಂತೆ ಹೀರದೆ ಇರಬಹುದು. ಸ್ಟ್ರಿಪ್ ತಿರುಗಿಸಿ ನೋಡಿ: ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಎಂದಿದ್ದರೆ ಅದು ನಿಧಾನಕ್ಕೆ ಕರಗುವ ಗುಳಿಗೆ, ಬದಲಿಸಬೇಕಾಗಬಹುದು. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಇದ್ದರೆ ಉಲ್ಟಾ ಅಪಾಯ: ನೀರು ಕಡಿಮೆ ಕುಡಿದು ತೂಕ ಇಳಿಯುತ್ತಿದ್ದ ಹಾಗೆ ರಕ್ತದಲ್ಲಿ ಅದು ಏರಬಹುದು. ಸ್ಟ್ರಿಪ್ ಸಮೇತ ಒಯ್ದು ಸರ್ಜನ್‌ಗೂ ತೋರಿಸಿ. ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ.

ಮೊದಲ ವರ್ಷ ಬಟ್ಟೆ ಸಡಿಲಾಗುವ ಖುಷಿಯಲ್ಲೇ ಕಳೆಯುತ್ತದೆ. ಕೆನಡಾದ ಒಂಟಾರಿಯೊದಲ್ಲಿ 2015ರ ಅಧ್ಯಯನವೊಂದು, ತಮಗೆ ತಾವೇ ಹಾನಿ ಮಾಡಿಕೊಂಡು ತುರ್ತು ಚಿಕಿತ್ಸೆಗೆ ಬಂದ ಪ್ರಕರಣಗಳು ಆಪರೇಷನ್ ನಂತರ ಸುಮಾರು ಶೇ. 50 ಏರಿದ್ದನ್ನು ಕಂಡಿತು. ಹೆಚ್ಚಿನವು ಎರಡು, ಮೂರನೇ ವರ್ಷದಲ್ಲಿ. ನಮ್ಮಲ್ಲಿ ಫಾಲೋ-ಅಪ್ ಬಿಟ್ಟುಹೋಗುವುದೂ ಹೆಚ್ಚಾಗಿ ಆ ಹೊತ್ತಿಗೇ. ತೂಕ ಇಳಿದರೂ ಮನೆಯ ಮಾತು, ಮದುವೆಯ ಮಾತು ಇಳಿದಿರುವುದಿಲ್ಲವಲ್ಲ! ಇನ್ನೊಂದು: ವಾಂತಿ ನಿಲ್ಲದೆ ಆಕೆ ತಬ್ಬಿಬ್ಬಾದರೆ, ನಡಿಗೆ ತೂರಾಡಿದರೆ ಅದನ್ನು ಮನಸ್ಸಿನ ಲೆಕ್ಕಕ್ಕೆ ಬರೆಯಬೇಡಿ. ಬಿ1 ವಿಟಮಿನ್ ಕೊರತೆ ಇರಬಹುದು. ಅದೇ ದಿನ ಆಸ್ಪತ್ರೆಗೆ.

ಆಪರೇಷನ್ ಬೆಂಗಳೂರಿನಲ್ಲಾದರೂ ಮನೋವೈದ್ಯರು ಹತ್ತಿರದವರಿರಲಿ. ಮೂರು ವರ್ಷದ ಭೇಟಿಯ ತಾರೀಖುಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.