ಉತ್ತರ ಕೊರಿಯಾ ಇತಿಹಾಸಕ್ಕೆ ಹಂಗೇರಿ ಕಡತಗಳು ಯಾಕೆ?
ಉತ್ತರ ಕೊರಿಯಾ ಬಗ್ಗೆ ಓದುವಾಗ ಹಂಗೇರಿಯ ದಾಖಲೆಗಳ ಮಾತು ಬರುತ್ತೆ, ಆ ದೂರದ ದೇಶಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ. ಸಂಬಂಧ ಹಳೆಯದೇ. 1948ರಲ್ಲೇ ಎರಡೂ ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧ ಶುರುವಾಯಿತು. ಕೊರಿಯಾ ಯುದ್ಧದ ಹೊತ್ತಿಗೆ ಹಂಗೇರಿಯವರು ಅಲ್ಲಿ ಆಸ್ಪತ್ರೆ ನಡೆಸಿದರು, ಅನಾಥ ಮಕ್ಕಳನ್ನು ತಮ್ಮಲ್ಲಿಗೆ ಕರೆಸಿ ಓದಿಸಿದರು.

ಆದರೆ ನಿಜವಾದ ಗಣಿ ಅಂದರೆ ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್‌ಯಾಂಗ್‌ನ ಹಂಗೇರಿ ರಾಯಭಾರಿಗಳು ಬುಡಾಪೆಸ್ಟ್‌ಗೆ ಕಳಿಸಿದ ವರದಿಗಳು. ಉತ್ತರ ಕೊರಿಯಾ ತನ್ನ ಕಡತಗಳನ್ನು ಹೊರಗಿನವರಿಗೆ ತೋರಿಸಲ್ಲ. ಹಂಗೇರಿಯಲ್ಲಿ ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ ಈ ರಾಯಭಾರಿಗಳ ವರದಿಗಳು ಸಂಶೋಧಕರಿಗೆ ಸಿಕ್ಕವು. ಬಲಾಶ್ ಸಲೊಂತಾಯ್ ಎಂಬ ಹಂಗೇರಿಯ ಇತಿಹಾಸಕಾರ ಇವನ್ನೇ ಬಳಸಿ ಉತ್ತರ ಕೊರಿಯಾದ ಆಗಿನ ನಾಯಕ ಕಿಮ್ ಇಲ್ ಸುಂಗ್ ಅವರ 1953ರಿಂದ 1964ರವರೆಗಿನ ಆಡಳಿತದ ಬಗ್ಗೆ ಪುಸ್ತಕ ಬರೆದರು. ಅದು ಬಂದದ್ದು 2005ರಲ್ಲಿ. ಮೊದಲು ಅದನ್ನೇ ಓದಿ.

ಒಂದು ಎಚ್ಚರ ಇರಲಿ. ರಾಯಭಾರಿಗಳಿಗೂ ಅಲ್ಲಿ ಎಲ್ಲೆಂದರಲ್ಲಿ ಓಡಾಡಲು ಬಿಡುತ್ತಿರಲಿಲ್ಲ. ಹಾಗಾಗಿ ಹಳ್ಳಿಗಳ ಬದುಕಿನ ಬಗ್ಗೆ ಅವರು ಬರೆದದ್ದನ್ನೆಲ್ಲ ಸುಮ್ನೆ ನಂಬಬೇಡಿ.

ದಕ್ಷಿಣ ಕೊರಿಯಾ ಜೊತೆಗಿನ ಹಂಗೇರಿಯ ರಾಜತಾಂತ್ರಿಕ ಸಂಬಂಧ ಬೇರೆ ಕಥೆ, ಅದು 1989ರಲ್ಲಿ ಶುರುವಾಯಿತು. ಈಗ ಬುಡಾಪೆಸ್ಟ್‌ನ ಎಲ್ಟೆ ವಿಶ್ವವಿದ್ಯಾಲಯದಲ್ಲಿ ಕೊರಿಯಾ ಅಧ್ಯಯನಕ್ಕೇ ಒಂದು ವಿಭಾಗವಿದೆ.