ಪ್ರತಿಕ್ರಿಯೆ: ರಿಕ್ವೈರ್‌ಮೆಂಟ್‌ಗಳೆಲ್ಲ ಒಂದೇ ಗುಂಪಿಗೆ ಬೀಳ್ತಿವೆ ಅಂದಿರಲ್ಲ

600 ರಿಕ್ವೈರ್‌ಮೆಂಟ್‌ಗಳಿಗೆ (ಸಾಫ್ಟ್‌ವೇರ್ ಏನು ಮಾಡಬೇಕು ಅಂತ ಹೇಳುವ ಸಾಲುಗಳು) ಟಿಎಫ್-ಐಡಿಎಫ್ (ಪದಗಳನ್ನು ಎಣಿಸಿ, ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡುವ ಲೆಕ್ಕ) ಹಾಕಿ ಕೆ-ಮೀನ್ಸ್ (ಹೋಲುವ ಸಾಲುಗಳನ್ನು ಗುಂಪು ಮಾಡುವ ವಿಧಾನ) ಓಡಿಸಿದರೆ ಮುಕ್ಕಾಲು ಪಾಲು ಒಂದೇ ಗುಂಪಿಗೆ ಹೋಗುತ್ತಿದೆ ಅಂದಿರಿ. ಪ್ರತಿ ಸಾಲೂ 'ದ ಸಿಸ್ಟಮ್ ಶಾಲ್' ಅಂತಲೇ ಶುರುವಾಗುತ್ತೆ, ಅಲ್ವಾ? ಸೈಕಿಟ್-ಲರ್ನ್ ಅನ್ನುವ ಪೈಥಾನ್ ಲೈಬ್ರರಿಯಲ್ಲಿ ಎಲ್ಲ ಸಾಲಲ್ಲೂ ಇರುವ ಪದದ ಐಡಿಎಫ್ (ಪದ ಎಷ್ಟು ಅಪರೂಪ ಅನ್ನುವ ತೂಕ) ಸೊನ್ನೆ ಆಗಲ್ಲ, 1 ಉಳಿಯುತ್ತದೆ, ಅದರಿಂದ ಸಾಲುಗಳೆಲ್ಲ ಒಂದೇ ಥರ ಕಾಣುತ್ತವೆ. ಹಾಗಾಗಿ ಮ್ಯಾಕ್ಸ್_ಡಿಎಫ್ ಅನ್ನುವ ಸೆಟ್ಟಿಂಗ್‌ಗೆ 0.8 ಕೊಟ್ಟು, ಶೇ. 80ಕ್ಕಿಂತ ಹೆಚ್ಚು ಸಾಲುಗಳಲ್ಲಿರುವ ಅಂಥ ಪದಗಳನ್ನು ಮೊದಲು ಕಿತ್ತುಹಾಕಿ.

ಆದರೂ 'ಲಾಗಿನ್', 'ಸೈನ್ ಇನ್' ಎರಡೂ ಒಂದೇ ಅಂತ ಪದ ಎಣಿಸುವ ಲೆಕ್ಕಕ್ಕೆ ಗೊತ್ತಾಗಲ್ಲ. ಅದಕ್ಕೆ ಸೆಂಟೆನ್ಸ್-ಬರ್ಟ್ (ವಾಕ್ಯದ ಅರ್ಥವನ್ನು ಅಂಕಿಗಳಾಗಿ ಮಾಡುವ ಮಾಡೆಲ್) ಬಳಸಿ, ಕೊಸೈನ್ ಹೋಲಿಕೆ (ಎರಡು ವಾಕ್ಯಗಳ ಅಂಕಿಗಳು ಎಷ್ಟು ಹೋಲುತ್ತವೆ ಅನ್ನುವ ಅಳತೆ) ಜಾಸ್ತಿ ಇರುವ ಜೋಡಿಗಳನ್ನು ಸುಮ್ನೆ ಮೇಲಿನಿಂದ ಒಂದೊಂದಾಗಿ ಓದುತ್ತಾ ಬನ್ನಿ, ಕೆ-ಮೀನ್ಸ್‌ಗಿಂತ ನನಗೆ ಇದೇ ಇಷ್ಟ. ಹೋಲುವ ಸಾಲುಗಳನ್ನು ನಕಲು ಅಂದುಕೊಂಡು ತಾನಾಗಿ ಡಿಲೀಟ್ ಮಾಡಿಸಬೇಡಿ ಮಾತ್ರ. '2 ಸೆಕೆಂಡಿನಲ್ಲಿ ಪೇಜ್ ತೆರೆಯಬೇಕು', '5 ಸೆಕೆಂಡಿನಲ್ಲಿ ಪೇಜ್ ತೆರೆಯಬೇಕು' ಹೆಚ್ಚುಕಮ್ಮಿ ಒಂದೇ ಅಂತ ತೋರಿಸುತ್ತೆ, ಅದು ನಕಲಲ್ಲ, ಎರಡು ರಿಕ್ವೈರ್‌ಮೆಂಟ್‌ಗಳ ನಡುವಿನ ಜಗಳ!